ದಣಿದ ಮನಸ್ಸು, ಹಂಚಿಕೊಳ್ಳಬೇಕಾದ ನೀರು

ಕಾವೇರಿ, ಕಬಿನಿಗಳ ನೀರು ಕುಡಿಯುವ ಮೈಸೂರಿನಲ್ಲಿಯೂ ಬೇಸಿಗೆ ಬಂತೆಂದರೆ ವಠಾರದ ಒಂದೇ ನಲ್ಲಿಯ ಸುತ್ತ ಮಾತು ಬಿರುಸಾಗುವುದುಂಟು. ಬೆಳಿಗ್ಗೆ ‘ಮೊದಲು ನೀವು ಹಿಡಿದುಕೊಳ್ಳಿ’ ಎಂದವರೇ, ಸಂಜೆ ದುಡಿದು ಬಂದಾಗ ಒಂದು ಬಿಂದಿಗೆಗಾಗಿ ಸಿಡಿಮಿಡಿಗೊಳ್ಳುತ್ತಾರೆ. ನಾವೂ ಹಾಗೆ ನಡೆದುಕೊಂಡಿದ್ದೇವೆ. ಇದನ್ನು ಕೇವಲ ಸ್ವಾರ್ಥವೆನ್ನಬಹುದೇ?

ಇಟಲಿಯ ಲುಕ್ಕಾ ನಗರದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಮೇಲೆ ಬೆಳಕು ಚೆಲ್ಲುತ್ತದೆ. ಮನೋನಿಗ್ರಹವನ್ನು ಬೇಡುವ ಕೆಲಸಗಳನ್ನು ಬಹಳ ಹೊತ್ತು ಮಾಡಿ ದಣಿದವರು, ಮಿತವಾದ ಸಂಪತ್ತನ್ನು ಹಂಚಿಕೊಳ್ಳುವ ಆಟದಲ್ಲಿ ಇತರರಿಗಿಂತ ಹೆಚ್ಚಾಗಿ ಕಲಹದ ದಾರಿ ಹಿಡಿದರು. ಅವರು ಎಚ್ಚರವಾಗಿದ್ದರೂ ಮಿದುಳಿನ ಮುಂಭಾಗದಲ್ಲಿ ನಿದ್ರೆಯಲ್ಲಿ ಕಾಣುವಂಥ ಅಲೆಗಳು ತೋರಿಬಂದವು.

ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಕೂಡಿ ಪರೀಕ್ಷಿಸಿದಾಗ, ಅಲ್ಪಕಾಲದ ಶ್ರಮದಿಂದಲೇ ಆತ್ಮಸಂಯಮ ಕುಗ್ಗುವುದೆಂಬ ಮಾತಿಗೆ ಬಲವಾದ ಆಧಾರ ದೊರೆಯಲಿಲ್ಲ. ಆದ್ದರಿಂದ ದಣಿವು ನಮಗೆ ನೆಪವಾಗಬಾರದು, ಎಚ್ಚರಿಕೆಯಾಗಬೇಕು.

ಪ್ರವಾದಿ ಎಲೀಯನು ಬಳಲಿ ಸಾವನ್ನು ಬೇಡಿಕೊಂಡಾಗ ದೇವದೂತನು ಉಪದೇಶಕ್ಕೆ ತೊಡಗಲಿಲ್ಲ; ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ವಿಶ್ರಾಂತಿಯೂ ನೆರೆಯವರ ಮೇಲಿನ ಪ್ರೀತಿಯ ಒಂದು ಭಾಗವೇ ಸರಿ.

ನೀರಿನ ಸರದಿಯನ್ನು ಸಂಜೆಯ ಜಗಳದಲ್ಲಿ ತೀರ್ಮಾನಿಸುವುದು ಬೇಡ. ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ, ಮನಸ್ಸು ತಿಳಿಯಾಗಿರುವಾಗ, ಎಲ್ಲ ಮತಗಳ ನೆರೆಯವರೊಡನೆ ಕುಳಿತು ಗೊತ್ತುಮಾಡಿ ಬರೆದಿಡೋಣ. ದುಡಿದು ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡೋಣ, ಮಾತು ಆಮೇಲೆ.