ಮೆಣಸಿನ ಕುಡಿಯ ಜಾತಕ ಎಲೆಯಲ್ಲಿದೆ

ಕಳೆದ ವರ್ಷ ಕೆಳಗಿನ ತೋಟದಲ್ಲಿ 34 ಕಾಳುಮೆಣಸಿನ ಬಳ್ಳಿ ಕಿತ್ತು ಸುಟ್ಟೆವು. ಸೊರಗು ರೋಗ ಬಂದದ್ದಲ್ಲ. ಅದಾದರೆ ಬಳ್ಳಿಯೇ ಒಣಗಿ ಬಿಡುತ್ತದೆ, ಒಂದು ಸಲ ಬೇಸರಪಟ್ಟರೆ ಮುಗಿಯಿತು. ಇವು ಸಾಯಲೂ ಇಲ್ಲ, ಬೆಳೆಯಲೂ ಇಲ್ಲ.

ಪಣಿಯೂರು-1 ಎಂದು ನರ್ಸರಿಯೊಂದರಿಂದ 150 ಗಿಡ ತಂದು ಅಡಿಕೆ ಮರಗಳಿಗೆ ಬಿಟ್ಟಿದ್ದೆ. ಮೊದಲ ವರ್ಷ ತೊಂದರೆ ಕಾಣಲಿಲ್ಲ. ಎರಡನೇ ವರ್ಷ ಕೆಲವದರ ಎಲೆ ಸಣ್ಣದಾಯಿತು, ಅಲ್ಲಲ್ಲಿ ಹಳದಿ ಮಚ್ಚೆ, ಗೆಣ್ಣುಗಳು ಹತ್ತಿರ ಹತ್ತಿರ. ಸತುವಿನ ಕೊರತೆ ಅಂದರು ಒಬ್ಬರು. ಸಿಂಪಡಿಸಿದೆ. ಸುಣ್ಣ ಹಾಕು ಅಂದರು ಇನ್ನೊಬ್ಬರು. ಅದೂ ಆಯಿತು. ಅಷ್ಟರಲ್ಲಿ ನಾನೊಂದು ಕೆಲಸ ಮಾಡಿ ಆಗಿತ್ತು: ಚೆನ್ನಾಗಿ ಹಬ್ಬಿದ ಒಂದು ಬಳ್ಳಿಯಿಂದ 40 ಕುಡಿ ತೆಗೆದು ಭಾವನಿಗೆ ಕೊಟ್ಟಿದ್ದೆ.

ಪರಿಚಯದ ವಿಜ್ಞಾನಿಯೊಬ್ಬರು ನೋಡಿ, "ಇದು ಗೊಬ್ಬರದ ವಿಷಯ ಅಲ್ಲ, ಎಲೆ ಕೊಡಿ" ಎಂದರು. ಐದು ಬಳ್ಳಿಯ ಎಲೆ ಕೊಟ್ಟೆ. ಮೂರು ಕುಂಟುವಂಥದ್ದು, ಎರಡು ಚಂದ ಇದ್ದದ್ದು. ನಾಲ್ಕರಲ್ಲಿ ವೈರಸ್ ಸಿಕ್ಕಿತು. ಚಂದ ಇದ್ದ ಎರಡರಲ್ಲಿ ಒಂದಕ್ಕೂ ಇತ್ತು. ಭಾವನಿಗೆ ಕುಡಿ ಕೊಟ್ಟದ್ದು ಅದರಿಂದಲೇ.

ಹುಡುಕುವುದು ಹೇಗೆ?

ಎಲೆಯನ್ನು ಅರೆದು ಅದರ ಡಿಎನ್ಎ ಬೇರ್ಪಡಿಸುತ್ತಾರೆ. ಅದರಲ್ಲಿ ವೈರಸ್ಸಿನ ತುಣುಕು ಇದ್ದರೆ ಅದನ್ನು ಮಾತ್ರ ಇಮ್ಮಡಿ, ಮತ್ತೆ ಇಮ್ಮಡಿ ಮಾಡುವ ಯಂತ್ರ ಇದೆ. ಪಿಸಿಆರ್ ಅಂತ ಹೆಸರು. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಶಬ್ದವೇ. ಒಂದು ಎರಡಾಗಿ, ಎರಡು ನಾಲ್ಕಾಗಿ 30 ಸುತ್ತು ಆದರೆ ಲೆಕ್ಕದಲ್ಲಿ ನೂರು ಕೋಟಿ ದಾಟುತ್ತದೆ. ಆಗ ಅದು ಪಟ್ಟಿಯಂತೆ ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ಪಟ್ಟಿ ಬರುವುದಿಲ್ಲ.

ಮೆಣಸಿನ ಕಿರುಎಲೆ ರೋಗಕ್ಕೆ ಕಾರಣ ಎರಡು ವೈರಸ್. ಒಂದು ಪೈಪರ್ ಯೆಲ್ಲೊ ಮಾಟಲ್, ಇದನ್ನು ಹಿಟ್ಟು ತಿಗಣೆ ಹರಡುತ್ತದೆ. ಇನ್ನೊಂದು ಕುಕುಂಬರ್ ಮೊಸಾಯಿಕ್, ಇದಕ್ಕೆ ಹೇನು ವಾಹಕ. ಇದು ಆರ್ಎನ್ಎ ವೈರಸ್ಸಾದ್ದರಿಂದ ಮೊದಲು ಅದನ್ನು ಡಿಎನ್ಎಗೆ ಪರಿವರ್ತಿಸಿಕೊಳ್ಳಬೇಕು. ಆದರೆ ದೂರದ ಊರಿಗೆ ಇವನ್ನು ಮುಟ್ಟಿಸುವುದು ಕೀಟ ಅಲ್ಲ, ಕುಡಿ ಕೊಡುವ ನಾವು. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಈ ಎರಡಕ್ಕೂ ಪರೀಕ್ಷಾ ವಿಧಾನ ರೂಪಿಸಿದೆ. ಅಡಿಕೆಯ ಹಳದಿ ಎಲೆ ರೋಗದ ಫೈಟೊಪ್ಲಾಸ್ಮಾವನ್ನು ಗುರುತಿಸುವುದೂ ಇದೇ ದಾರಿಯಲ್ಲಿ.

"ನರ್ಸರಿಯವರು ಕೊಟ್ಟದ್ದು ನಿಜವಾದ ಪಣಿಯೂರು ಹೌದಾ, ಅದೂ ಗೊತ್ತಾಗ್ತದಾ?" ಎಂದು ಕೇಳಿದೆ. ಆಗುತ್ತದಂತೆ, ಆದರೆ ಅದು ಬೇರೆ ಪರೀಕ್ಷೆ. ಡಿಎನ್ಎಯ ಕೆಲವು ಜಾಗಗಳಲ್ಲಿ ಚಿಕ್ಕ ತುಣುಕೊಂದು ಪುನಃ ಪುನಃ ಬರುತ್ತದೆ. ಎಷ್ಟು ಸಲ ಎಂಬುದು ತಳಿಯಿಂದ ತಳಿಗೆ ಬೇರೆ. ಇಂಥ ಹಲವು ಜಾಗ ಸೇರಿದರೆ ಅದೇ ತಳಿಯ ಬೆರಳಚ್ಚು. ಪಣಿಯೂರು-1 ಉದಿರನ್‌ಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿಗಳ ಸಂಕರ. ಕುಡಿಯಿಂದಲೇ ಬೆಳೆಸುವುದರಿಂದ ಯಾರ ತೋಟದಲ್ಲಿದ್ದರೂ ಅದರ ಬೆರಳಚ್ಚು ಒಂದೇ ಇರಬೇಕು. ಅಡಿಕೆಗೆ ಈ ಲೆಕ್ಕ ಹಿಡಿಯುವುದಿಲ್ಲ. ಬೀಜದಿಂದ ಬರುವಂಥದ್ದು, ಪಕ್ಕದ ಮರದ ಪರಾಗ ಬೆರೆಯುತ್ತದೆ, ಒಂದೇ ಗೊನೆಯ ಗಿಡಗಳೂ ಒಂದೇ ಥರ ಇರುವುದಿಲ್ಲ. ಅಲ್ಲಿ ತಂದೆ ತಾಯಿ ಯಾರೆಂದು ಹೇಳಬಹುದು, ಅಷ್ಟೆ.

ಒಂದು ಎಚ್ಚರ ಬೇಕು. ಎಲೆಯಲ್ಲಿ ವೈರಸ್ ತೀರಾ ಕಡಿಮೆ ಇದ್ದರೆ ಸಿಗದೆಯೂ ಹೋಗಬಹುದು. ಹಾಗಾಗಿ ಒಂದು ಸಲ 'ಇಲ್ಲ' ಎಂದು ಬಂದ ಬಳ್ಳಿಗೆ ಪೂರ್ತಿ ಜಾಮೀನು ಇಲ್ಲ. 'ಇದೆ' ಎಂದು ಬಂದರೆ ಮದ್ದೂ ಇಲ್ಲ, ಕೀಳುವುದೇ.

ಕುಂಟುವ 33 ಬಳ್ಳಿ ಕೀಳುವಾಗ ಅಷ್ಟೇನೂ ಅನಿಸಲಿಲ್ಲ. ಮರದ ತುದಿವರೆಗೆ ಹತ್ತಿ ಗೆರೆ ಬಿಟ್ಟ ಆ ಒಂದನ್ನು ಕೀಳುವಾಗ ಕೈ ಬರಲಿಲ್ಲ. ಮಗನೇ ಕಿತ್ತ.

ಭಾವನಲ್ಲಿಗೆ ಹೋಗಿ ಹೇಳಲು ಎರಡು ದಿನ ಹಿಂದೆ ಮುಂದೆ ನೋಡಿದೆ. ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೇನು ಗೊತ್ತಿದ್ದು ಕೊಟ್ಟದ್ದಾ ಮಾರಾಯ? ಆದ್ರೆ ಅದ್ರಿಂದ ಹತ್ತು ಕುಡಿ ನಾನು ಮೇಲಿನ ಮನೆಗೆ ಕೊಟ್ಟಿದ್ದೇನಲ್ಲ!" ಅಂದರು. ಇಬ್ಬರೂ ಸೇರಿ ಅಲ್ಲಿಗೂ ಹೋದೆವು. ಭಾವನ ಗಿಡಗಳಲ್ಲಿ ಆರು ಆಗಲೇ ಎಲೆ ಮುದುಡಿಸಿದ್ದವು. ನಲ್ವತ್ತರಲ್ಲಿ ಮೇಲಿನ ಮನೆಗೆ ಹೋದ ಹತ್ತೂ, ಉಳಿದ ಮೂವತ್ತೂ ತೆಗೆದಾಯಿತು.

ಈಗ ತೋಟದಲ್ಲಿ ಏಳು ಬಳ್ಳಿಗೆ ಬಣ್ಣ ಹಚ್ಚಿ ನಂಬರ್ ಹಾಕಿದ್ದೇನೆ. ಅವುಗಳ ಎಲೆ ಒಮ್ಮೆ ಪರೀಕ್ಷೆ ಆಗಿದೆ, ಈ ಮಳೆಗಾಲ ಕಳೆದು ಇನ್ನೊಮ್ಮೆ ಕಳಿಸುವುದಿದೆ. ಎರಡನೇ ಫಲಿತಾಂಶ ಬಂದ ಮೇಲೆ ಮೊದಲ ಕುಡಿ ಭಾವನಿಗೆ, ಆಮೇಲೆ ಮೇಲಿನ ಮನೆಗೆ. ಅಷ್ಟರವರೆಗೆ ಯಾರು ಕೇಳಿದರೂ ಕೊಡುವುದಿಲ್ಲ.