ಗಡಿ ದಾಟಿದ ಬುತ್ತಿ

ಹೈದರಾಬಾದ್ ಸಂಸ್ಥಾನದ ಪ್ರಜೆಗಳು ತಮ್ಮ ಮೊದಲ ರಾಜಕೀಯ ಪರಿಷತ್ತನ್ನು ಕೂಡಿಸಿದ್ದು 1923ರಲ್ಲಿ, ಕಾಕಿನಾಡದಲ್ಲಿ. ಎರಡನೆಯದು 1926ರಲ್ಲಿ ಮುಂಬಯಿಯಲ್ಲಿ, ಮೂರನೆಯದು 1928ರಲ್ಲಿ ಪುಣೆಯಲ್ಲಿ, ನಾಲ್ಕನೆಯದು 1931ರಲ್ಲಿ ಅಕೋಲಾದಲ್ಲಿ. ಈ ನಾಲ್ಕು ಊರುಗಳಲ್ಲಿ ಒಂದೂ ಸಂಸ್ಥಾನದ ದೊರೆ ನಿಜಾಮನ ಆಡಳಿತದಲ್ಲಿರಲಿಲ್ಲ. ಸಂಸ್ಥಾನದೊಳಗೆ ನಾಲ್ಕು ಮಂದಿ ಕೂಡಿ ರಾಜಕೀಯ ಮಾತಾಡಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಅದಕ್ಕೆಂದೇ ಇತ್ತು. ಹೀಗಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನುಷ್ಯನಿಗೆ ತನ್ನ ಊರಿನ ಕಷ್ಟದ ಬಗ್ಗೆ ಬಾಯಿ ಬಿಡಬೇಕೆನಿಸಿದರೆ ಮೊದಲು ಊರು ಬಿಡಬೇಕಾಗುತ್ತಿತ್ತು. ಕಾಂಗ್ರೆಸ್ಸು 1885ರಿಂದ ಸಭೆ ಮಾಡುತ್ತಿದ್ದ ಬ್ರಿಟಿಷ್ ಇಂಡಿಯಾವೇ ಇವರ ಪಾಲಿಗೆ ಉಸಿರಾಡುವ ಜಾಗವಾಗಿತ್ತು. ಇತಿಹಾಸದ ಪಾಠದಲ್ಲಿ ಈ ತಮಾಷೆಯನ್ನು ಯಾರೂ ನಮಗೆ ಹೇಳಿಕೊಡಲಿಲ್ಲ.

ಊರಾಚೆ ಸಂಘ ಕಟ್ಟುವ ಈ ಅಭ್ಯಾಸ ಇಪ್ಪತ್ತೈದು ವರ್ಷದ ನಂತರ, ನಿಜಾಮನ ವಿರುದ್ಧದ ಹೋರಾಟದಲ್ಲಿ, ಗಡಿ ಶಿಬಿರಗಳ ರೂಪ ತಾಳಿತು. ಕೊಪ್ಪಳದ ಕಡೆಯವರಿಗೆ ಮುಂಡರಗಿ, ಕುಷ್ಟಗಿ–ಯಲಬುರ್ಗಾ ಕಡೆಯವರಿಗೆ ಗಜೇಂದ್ರಗಡ, ಗಂಗಾವತಿಯವರಿಗೆ ಹೊಳೆಯಾಚೆಯ ಕಂಪ್ಲಿ. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿ ಸ್ವಾಮಿ. ಅವರ ಬಗ್ಗೆ ತಿಳಿದುಕೊಳ್ಳಲೆಂದೇ ನಾನು ಅಳವಂಡಿಗೆ ಹೋದದ್ದು. ಆದರೆ ಬರೆಯಲು ಕೂತಾಗ ತಲೆಯೊಳಗೆ ತುಂಬಿಕೊಂಡಿರುವುದು ಅಲ್ಲಿ ಕಟ್ಟೆಯ ಮೇಲೆ ಸಿಕ್ಕ ಒಬ್ಬ ಅಜ್ಜನ ಮಾತು.

‘ಅಜ್ಜಾರ, ಶಿಬಿರದ ಸುದ್ದಿ ಏನರ ನೆನಪೈತೇನ್ರಿ?’ ಎಂದು ಕೇಳಿದೆ. ಆಗ ತಾನಿನ್ನೂ ಸಣ್ಣ ಹುಡುಗ ಎಂದು ಮೊದಲೇ ಹೇಳಿ, ಆಮೇಲೆ ಶುರುಮಾಡಿದರು.

‘ನಮ್ಮಪ್ಪ ಹೊಲಕ್ಕ ಹೊಂಟೀನಿ ಅಂತ ಹೇಳಿ ಹೋಗತಿದ್ದ, ತಮ್ಮಾ. ಹೊಲ ಇರೂದು ಮೂಡಲಕ. ಆತ ಹೋಗೂದು ಪಡುವಲಕ. ಮನ್ಯಾಗ ನಾವು ಐದು ಮಂದಿ, ನಮ್ಮವ್ವ ಇಪ್ಪತ್ತು ಮಂದಿಗೆ ಆಗೂವಷ್ಟು ರೊಟ್ಟಿ ಬಡೀತಿದ್ಲು. ಯಾರಿಗೆ ಅಂತ ಕೇಳೂ ಹಂಗಿಲ್ಲ. ಕೇಳಿದ್ರ ಬೀಳತಿತ್ತು ಒಂದು.’

ಪಡುವಲಕ್ಕೆ ಮುಂಡರಗಿ. ಅಳವಂಡಿಯಿಂದ ಕಾಲುನಡಿಗೆಗೆ ಸಿಗುವಷ್ಟೇ ದೂರ, ಆದರೆ ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ನಡುವೆ ಕರೋಡಗಿರಿ ನಾಕೆ, ಅಂದರೆ ಸುಂಕದ ಕಟ್ಟೆ. ಆಚೆ ಈಚೆ ರೂಪಾಯಿಯೂ ಬೇರೆ. ನಿಜಾಮನದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಹೆಚ್ಚುಕಡಿಮೆ ಆರು ಕಲ್ದಾರಕ್ಕೆ ಏಳು ಹಾಲಿ. ಅಜ್ಜನ ಅವ್ವ ಎರಡನ್ನೂ ಸೀರೆಯ ಸೆರಗಿನಲ್ಲಿ ಬೇರೆ ಬೇರೆ ಗಂಟು ಕಟ್ಟಿ ಇಟ್ಟುಕೊಳ್ಳುತ್ತಿದ್ದಳಂತೆ. ಕಲ್ದಾರದ ಗಂಟು ಸಣ್ಣದು, ಒಳಗಿನದು. ಊರಿಗೆ ಪೊಲೀಸ್ ಅಮೀನ ಬಂದ ದಿನ ಆ ಗಂಟು ಜೋಳದ ಗುಮ್ಮಿಗೆ ಹೋಗುತ್ತಿತ್ತು. ‘ಕಲ್ದಾರ ಕಂಡ್ರ ಸಾಕು, ಆಚೀಗೆ ಯಾಕ ಹೋಗಿದ್ದಿ ಅಂತ ಹಿಡಕೋತಿದ್ರು.’

ಬುತ್ತಿಯಲ್ಲಿ ಏನಿರುತ್ತಿತ್ತು? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಉಳ್ಳಾಗಡ್ಡಿ. ಪಲ್ಯ ಇಲ್ಲ, ಹಳಸುತ್ತದೆ. ಮೆತ್ತನ್ನ ರೊಟ್ಟಿ ಇಲ್ಲ, ಬೂಸಲು ಬರುತ್ತದೆ. ರೊಟ್ಟಿಯನ್ನು ಒಲೆಯ ಪಕ್ಕಕ್ಕೆ ನಿಲ್ಲಿಸಿ ಗರಿಗರಿ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ, ಮೇಲೆ ಕಣಕಿ ಹೊರೆ ಹೊರಿಸಿದರೆ ದನಕ್ಕೆ ಮೇವು ಒಯ್ಯುವ ರೈತ. ಹೊರೆ ಅಲುಗಾಡಿದರೆ ರೊಟ್ಟಿ ಮುರಿದು ಸಪ್ಪಳವಾಗುತ್ತದೆಂದು ಅಪ್ಪ ಬಲು ನಿಧಾನಕ್ಕೆ ನಡೆಯುತ್ತಿದ್ದನಂತೆ. ಇದನ್ನು ಹೇಳುವಾಗ ಅಜ್ಜ ಎದ್ದು ನಿಂತು, ತಲೆಯ ಮೇಲೆ ಹೊರೆ ಇದ್ದಂತೆ ಕತ್ತು ನೆಟ್ಟಗೆ ಮಾಡಿ, ಕಟ್ಟೆಯ ಮುಂದೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು.

ಮುಂಡರಗಿ ಮತ್ತು ಕೊಪ್ಪಳದ ನಂಟು ಇದಕ್ಕಿಂತ ಹಳೆಯದು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು, ಹಮ್ಮಿಗಿ ಕೆಂಚನಗೌಡರ ಜೊತೆಗೂಡಿ ಡಂಬಳದ ಖಜಾನೆ ಸೂರೆಮಾಡಿ, ಕೊಪ್ಪಳದ ಕೋಟೆ ಹಿಡಿದ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಇಂಜಿನಿಯರುಗಳು ಬಲಪಡಿಸಿದ್ದ ಕೋಟೆ ಅದು. ಬಳ್ಳಾರಿ ಕಡೆಯಿಂದ ಬಂದ ಮೇಜರ್ ಹ್ಯೂಸನ ದಂಡು ಜೂನ್ 1ರಂದು ಅದನ್ನು ಒಡೆದು ಒಳನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಮಡಿದರು. ಅದಕ್ಕೂ ಮೊದಲು, 1819ರಲ್ಲಿ, ವೀರಪ್ಪ ಎಂಬಾತ ನಿಜಾಮನ ವಿರುದ್ಧ ಎದ್ದು ಇದೇ ಕೋಟೆಯಲ್ಲಿ ಕೂತಾಗಲೂ ತೋಪು ಹೂಡಿದ್ದು ಬ್ರಿಟಿಷ್ ಸೇನಾಧಿಕಾರಿ ಪ್ರಿಟ್ಜ್ಲರನೇ. ಕೋಟೆ ನಿಜಾಮನದು, ಕಾವಲು ಕಂಪನಿಯದು. ‘ನಿಮ್ಮದು ಬರೀ ನಿಜಾಮನ ವಿರುದ್ಧದ ಜಗಳ, ಬ್ರಿಟಿಷರ ವಿರುದ್ಧದ್ದಲ್ಲ’ ಎನ್ನುವವರು ಈಗಲೂ ಇದ್ದಾರೆ. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿ ಕಟ್ಟಡದ ದೊಡ್ಡಸ್ತಿಕೆಯನ್ನು ಒಮ್ಮೆ ನೋಡಿ ಬಂದರೆ ಅವರ ಅನುಮಾನ ಕಳೆದೀತು.

ಭೀಮರಾಯ ಮುಂಡರಗಿಯಿಂದ ಕೊಪ್ಪಳಕ್ಕೆ ಬಂದ ತೊಂಬತ್ತು ವರ್ಷಕ್ಕೆ ಕೊಪ್ಪಳದ ಸೀಮೆಯ ಹುಡುಗರು ಮುಂಡರಗಿಗೆ ಹೋದರು. ನಡುವಿನ ಕಾಲದ ದೊಡ್ಡ ಭಾಗ ಮೌನದ್ದು. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಹಗೀರು. ದೊರೆಯ ಕೆಳಗೆ ಇನ್ನೊಬ್ಬ ದೊರೆ. ಶಾಲೆ ಕಡಿಮೆ, ಇದ್ದಲ್ಲಿ ಉರ್ದು. ಇಂಥ ಸೀಮೆಯಲ್ಲಿ ರಾಜಕೀಯ ಸಂಘ ಬೇರೆ ವೇಷ ಹಾಕಿಯೇ ಬರಬೇಕಾಯಿತು. ಎಲ್ಲೋ ಒಂದು ವಾಚನಾಲಯ, ಒಂದು ಗಣೇಶೋತ್ಸವ, ಆರ್ಯ ಸಮಾಜದ ಒಂದು ಹವನ. ಕುಕನೂರಿನ ವಿದ್ಯಾನಂದ ಗುರುಕುಲ 1920ರ ದಶಕದಲ್ಲಿ ಇಂಥ ಹುಡುಗರಿಗೆ ಅಕ್ಷರದ ಜೊತೆ ದೇಶದ ಸುದ್ದಿಯನ್ನೂ ಕೊಟ್ಟಿತು. 1937ರಲ್ಲಿ ಬೀದರಿನಲ್ಲಿ ಡಿ.ಕೆ. ಭೀಮಸೇನರಾಯರ ಅಧ್ಯಕ್ಷತೆಯಲ್ಲಿ ನಿಜಾಮ ಕರ್ನಾಟಕ ಪರಿಷತ್ತು ಮೊದಲ ಬಾರಿ ಸೇರಿತು. ಹೊರಗೆ ಭಾಷೆ, ಶಿಕ್ಷಣದ ಮಾತು. ಒಳಗೆ ಏನಿತ್ತೆಂದು ಸರ್ಕಾರಕ್ಕೂ ಗೊತ್ತಿತ್ತು.

ಮರುವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟುವ ಪ್ರಯತ್ನ ನಡೆಯಿತು. ಸರ್ಕಾರ 1938ರ ಸೆಪ್ಟೆಂಬರಿನಲ್ಲಿ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ, ನಿಷೇಧ ಹೇರಿತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ಹೂಡಿ ಕಾರ್ಯಕರ್ತರು ಜೈಲು ತುಂಬಿದರು. ಗಾಂಧೀಜಿಯ ಸಲಹೆಯಂತೆ ಡಿಸೆಂಬರಿನಲ್ಲಿ ಅದು ನಿಂತಿತು. ನಿಷೇಧ ಮಾತ್ರ 1946ರ ಜುಲೈವರೆಗೂ ಮುಂದುವರಿಯಿತು. ಸ್ಟೇಟ್ ಕಾಂಗ್ರೆಸ್ಸಿನ ನಾಯಕರು ಸ್ವಾಮಿ ರಮಾನಂದ ತೀರ್ಥ.

1947ರ ಆಗಸ್ಟ್ 15ರಂದು ಮುಂಡರಗಿಯಲ್ಲಿ ಸ್ವಾತಂತ್ರ್ಯ ಬಂತು, ಅಳವಂಡಿಯಲ್ಲಿ ಬರಲಿಲ್ಲ; ನಿಜಾಮ ಭಾರತ ಒಕ್ಕೂಟ ಸೇರಿರಲಿಲ್ಲ. ಅದೇ ದಿನ ರಮಾನಂದ ತೀರ್ಥರ ಬಂಧನವಾಯಿತು. ಸ್ಟೇಟ್ ಕಾಂಗ್ರೆಸ್ಸಿನ ಕೆಲಸ ಸಂಸ್ಥಾನದ ಹೊರಗಿನಿಂದ ನಡೆಯತೊಡಗಿತು. ಮರಾಠವಾಡಕ್ಕೆ ಸೊಲ್ಲಾಪುರ, ತೆಲಂಗಾಣಕ್ಕೆ ವಿಜಯವಾಡ, ಕನ್ನಡ ಜಿಲ್ಲೆಗಳಿಗೆ ಗದಗ ಕೇಂದ್ರವಾಯಿತು. ಗದಗಿನ ಕೆಳಗೆ ಗಡಿಯುದ್ದಕ್ಕೂ ಶಿಬಿರಗಳು. ಗಜೇಂದ್ರಗಡದ್ದನ್ನು ಪುಂಡಲೀಕಪ್ಪ ಜ್ಞಾನಮೋಠೆ ನಡೆಸಿದರು.

ಶಿಬಿರದ ಕೆಲಸ ಎಂದರೆ ನಾಕೆಗಳ ಮೇಲೆ ದಾಳಿ, ಲೆವಿ ಧಾನ್ಯ ಸರ್ಕಾರದ ಕೈ ಸೇರದಂತೆ ತಡೆಯುವುದು, ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲು ಈಚಲ ಮರ ಕಡಿಯುವುದು. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಏರಿದಂತೆ ಬಂದೂಕೂ ಬಂತು. ಖಾದಿ ಟೊಪ್ಪಿಗೆಯ ಕಾಂಗ್ರೆಸ್ಸು ಬಂದೂಕು ಹಿಡಿದದ್ದರ ಬಗ್ಗೆ ಆಗಲೇ ಚರ್ಚೆಯಿತ್ತು. ನನಗೂ ಪೂರ್ತಿ ಸಮಾಧಾನವಿಲ್ಲ. ಆದರೆ ರಾತ್ರಿ ಯಾವ ಊರಿಗೆ ಬೆಂಕಿ ಬೀಳುತ್ತದೋ ತಿಳಿಯದೆ ಗಂಟುಮೂಟೆ ಕಟ್ಟಿಕೊಂಡು ಗದಗ, ಹೊಸಪೇಟೆ ದಾರಿ ಹಿಡಿದವರ ಎದುರು ಕೂತು ಅದನ್ನು ಹೇಳುವ ಧೈರ್ಯವೂ ಇಲ್ಲ. ರಜಾಕಾರರನ್ನು ಎದುರಿಸಿದವರಲ್ಲಿ ಮುಸ್ಲಿಮರೂ ಇದ್ದರು. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಒಕ್ಕೂಟದ ಪರ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸರ್ಕಾರ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಸಂಸ್ಥಾನದ ಹಲವೆಡೆ ಏನೂ ಅರಿಯದ ಮುಸ್ಲಿಮರ ಮೇಲೆ ನಡೆದದ್ದನ್ನು ಸುಂದರಲಾಲ್ ಸಮಿತಿ ದಾಖಲಿಸಿದೆ. ಸತ್ತವರು 27,000ದಿಂದ 40,000 ಎಂದು ಅದರ ಅಂದಾಜು. ವಿಮೋಚನೆಯ ಭಾಷಣಗಳಲ್ಲಿ ಈ ಸಂಖ್ಯೆ ಕೇಳಿಬರುವುದಿಲ್ಲ.

ಶಿವಮೂರ್ತಿ ಸ್ವಾಮಿ 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಗೆದ್ದರು. ಕಾಂಗ್ರೆಸ್ಸಿನಿಂದಲ್ಲ, ಪಕ್ಷೇತರರಾಗಿ. 1962ರಲ್ಲಿ ಮತ್ತೆ ಗೆದ್ದದ್ದು ಲೋಕ ಸೇವಕ ಸಂಘದಿಂದ, ಆ ಹೊತ್ತಿಗೆ ಕೊಪ್ಪಳ ಎಂಬ ಹೆಸರು ಪಡೆದಿದ್ದ ಕ್ಷೇತ್ರದಲ್ಲಿ. ಗಡಿ ದಾಟಿ ಕಾಂಗ್ರೆಸ್ಸಿನ ಶಿಬಿರ ನಡೆಸಿದ ಮನುಷ್ಯ ದಿಲ್ಲಿಗೆ ಹೋಗುವಾಗ ಆ ಪಕ್ಷದ ಹೊರಗಿದ್ದರು. ಈ ಸೀಮೆಯ ಜನಕ್ಕೆ ಪಕ್ಷಕ್ಕಿಂತ ಆಳು ಮುಖ್ಯವಾಗಿದ್ದ ಕಾಲ ಅದು.

ಶಿಬಿರಗಳಿಗೆ ಸ್ವಂತ ಕಟ್ಟಡ ಎಂಬುದಿರಲಿಲ್ಲ. ಕೆಲಸ ಮುಗಿದ ಮೇಲೆ ಹುಡುಗರು ಊರಿಗೆ ಮರಳಿ ಹೊಲ ಹಿಡಿದರು. ಅವುಗಳ ಹೆಸರು ಸರ್ಕಾರಿ ಕಾಗದದಲ್ಲಿ ಮತ್ತೆ ಕಾಣಿಸಿಕೊಂಡದ್ದು 1980ರ ದಶಕದಲ್ಲಿ, ಕೇಂದ್ರ ಸರ್ಕಾರ ಹೈದರಾಬಾದ್ ಗಡಿ ಶಿಬಿರಗಳಲ್ಲಿ ದುಡಿದವರನ್ನೂ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಪರಿಗಣಿಸಿದಾಗ. ಆರು ತಿಂಗಳ ಸೆರೆವಾಸವೋ ಭೂಗತ ಬದುಕೋ ಇದ್ದದ್ದಕ್ಕೆ ಪುರಾವೆ ಬೇಕಿತ್ತು. ಶಿಬಿರದ ಮುಂದಾಳು ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಆಗ ಬಂಗಾರದ ಬೆಲೆ. ಕೆಲವರಿಗೆ ಸಿಕ್ಕಿತು, ಕೆಲವರು ಕಚೇರಿ ಅಲೆದು ಅಲೆದು ತೀರಿಕೊಂಡರು.

ಅಜ್ಜನ ಅಪ್ಪ ಅರ್ಜಿಯನ್ನೇ ಹಾಕಲಿಲ್ಲವಂತೆ. ‘ಆತ ಅಲ್ಲಿ ಇದ್ದಾವಲ್ಲ, ಕೊಟ್ಟು ಬರಾವ. ಮುಂಜಾನಿ ಹೋಗಿ ಸಂಜೀಕ ಮನೀಗೆ ಬರತಿದ್ದ. ಆರು ತಿಂಗಳು ಎಲ್ಲಿಂದ ತರೂದು? ಇನ್ನ ಅವ್ವಂದಂತೂ ಯಾರು ಕೇಳಬೇಕು.’

ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ 2019ರಿಂದ ಸೆಪ್ಟೆಂಬರ್ 17 ಉತ್ಸವದ ದಿನ. ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ ಧ್ವಜ ಏರುತ್ತದೆ, ಮುಂದಾಳುಗಳ ಹೆಸರು ಓದುತ್ತಾರೆ. ಅಳವಂಡಿ, ಕುಕನೂರು, ಗಜೇಂದ್ರಗಡದ ಸುತ್ತಿನ ಹಳ್ಳಿಗಳಲ್ಲಿ ಆಗ ಹತ್ತು ವರ್ಷವಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಈ ಸಲ ಮೇಷ್ಟ್ರುಗಳು ಮಕ್ಕಳ ಕೈಗೊಂದು ನೋಟುಬುಕ್ಕು ಕೊಟ್ಟು, ನಿಮ್ಮ ಓಣಿಯಲ್ಲಿ ರೊಟ್ಟಿ ಬಡಿದವರು ಯಾರು, ಒಯ್ದವರು ಯಾರು ಎಂದು ಕೇಳಿ ಬರೆದುಕೊಂಡು ಬರಲು ಕಳಿಸಬಹುದು. ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ಕೇಳಲು ಎಷ್ಟು ಮಂದಿ ಉಳಿದಿರುತ್ತಾರೋ.