ಪೀಪಾಯಿಯ ಬಳಿಗೆ ಹೋದ ಪಂಡಿತ

ದ್ರಾಕ್ಷಿಯ ರಸವು ಮದ್ಯವಾಗುವುದೇಕೆ, ಆ ಮದ್ಯವು ಹುಳಿಯಾಗಿ ಕೆಡುವುದೇಕೆ? ಸಾವಿರಾರು ವರ್ಷ ಪೀಪಾಯಿಗಳನ್ನು ತುಂಬಿದವರು ಇದನ್ನರಿತಿರಲಿಲ್ಲ. ಹುದುಗುವಿಕೆಯು ಕೊಳೆಯುವ ಪದಾರ್ಥದ ರಾಸಾಯನಿಕ ವಿಕಾರವಷ್ಟೇ ಎಂದು ಜರ್ಮನಿಯ ಲೀಬಿಗ್ ಪಂಡಿತನು ವಾದಿಸುತ್ತಿದ್ದನು.

1856ರಲ್ಲಿ ಫ್ರಾನ್ಸಿನ ಲಿಲ್ ನಗರದ ಕಾರ್ಖಾನೆದಾರನೊಬ್ಬನು, ಬೀಟ್‌ಗೆಡ್ಡೆಯಿಂದ ತೆಗೆಯುವ ತನ್ನ ಮದ್ಯಸಾರವು ಕೆಡುತ್ತಿದೆಯೆಂದು ಲೂಯಿ ಪಾಶ್ಚರನಲ್ಲಿ ಮೊರೆಯಿಟ್ಟನು. ಅಲ್ಲಿಯ ವಿಜ್ಞಾನ ವಿಭಾಗದ ಮುಖ್ಯಸ್ಥನಾಗಿದ್ದ ಪಾಶ್ಚರನು ಇದು ತನ್ನ ಘನತೆಗೆ ತಕ್ಕುದಲ್ಲವೆನ್ನದೆ, ತೊಟ್ಟಿಯ ರಸವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದನು. ಸಕ್ಕರೆಯನ್ನು ಮದ್ಯಸಾರವಾಗಿಸುವುದು ಜೀವಂತ ಯೀಸ್ಟ್, ಹುಳಿಯಾಗಿಸುವುವು ಬೇರೆ ಜೀವಾಣುಗಳು ಎಂಬುದನ್ನು ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ಸ್ಥಾಪಿಸಿದನು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ದ್ರಾಕ್ಷಾಮದ್ಯದ ರೋಗಗಳನ್ನು ಶೋಧಿಸಬೇಕೆಂದು ಕೇಳಿಕೊಂಡನು. ಗಾಳಿ ತಾಗದಂತೆ 50ರಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಮದ್ಯವು ಕೆಡದೆಂದು ಪಾಶ್ಚರನು ತೋರಿಸಿ, 1865ರಲ್ಲಿ ಪಡೆದ ಪೇಟೆಂಟನ್ನು ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟನು.

ಯೀಸ್ಟಿನಿಂದ ಹಿಂಡಿದ, ಜೀವಕೋಶಗಳಿಲ್ಲದ ರಸವೂ ಹುದುಗಿಸಬಲ್ಲುದೆಂದು 1897ರಲ್ಲಿ ಬುಖ್ನರನು ತೋರಿಸಿದಾಗ ಲೀಬಿಗನ ಪಕ್ಷಕ್ಕೂ ಕೊಂಚ ನ್ಯಾಯ ದೊರೆಯಿತು. ಅದರಿಂದ ಪಾಶ್ಚರನ ಕೀರ್ತಿಗೆ ಕುಂದಿಲ್ಲ.

ನಾವು ಮದ್ಯಪಾನವನ್ನು ಹೊಗಳುತ್ತಿಲ್ಲ. ಇಂದು ಮಕ್ಕಳು ಕುಡಿಯುವ ಹಾಲನ್ನು ರಕ್ಷಿಸುತ್ತಿರುವುದು ಅದೇ ಉಪಾಯವೆಂಬುದನ್ನು ವಾಚಕರು ನೆನೆಯಲಿ. ಕಸುಬುದಾರನ ಕಷ್ಟಕ್ಕೆ ಕಿವಿಗೊಟ್ಟ ವಿದ್ಯೆಯು ಲೋಕಕ್ಕೇ ಉಪಕಾರ ಮಾಡಿತು. ನಮ್ಮ ವಿದ್ಯಾವಂತರು ಗಮನಿಸಬೇಕಾದುದು ಇದನ್ನೇ.